ಮೆಗುಮಿ ಹಯಾಶಿಬಾರಾ ದನಿಯನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ಹಯಾಶಿಬಾರಾ ಅಂದರೆ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿಗಳ ಪಾತ್ರಗಳಿಗೆ ದನಿ ಕೊಡುವ ನಟಿ. ಅವರನ್ನು ಕೇಳಬೇಕಾದರೆ ಮೊದಲು ಡಬ್ಬಿಂಗ್ ತೆಗೆದು ಜಪಾನಿ ಆಡಿಯೋ ಹಾಕಿಕೊಳ್ಳಿ. ಇದಿಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ.

ಹಯಾಶಿಬಾರಾ ನರ್ಸಿಂಗ್ ಓದುತ್ತಲೇ ದನಿ ನಟನೆ ಕಲಿತವರು. 1986ರಲ್ಲಿ ಸಣ್ಣಪುಟ್ಟ ಪಾತ್ರಗಳಿಂದ ಶುರು ಮಾಡಿದರು, ಇವತ್ತಿಗೂ ಮೈಕ್ ಮುಂದೆ ಇದ್ದಾರೆ. ಇಷ್ಟೆಲ್ಲವನ್ನೂ ಇಸವಿ ಪ್ರಕಾರ ನೋಡಲು ಹೊರಟರೆ ಅರ್ಧಕ್ಕೇ ಸುಸ್ತಾಗುತ್ತದೆ. ಅದರ ಬದಲು ಸೀದಾ 1995ಕ್ಕೆ ಹೋಗಿ.

ಆ ವರ್ಷ ಏಪ್ರಿಲ್‌ನಲ್ಲಿ 'ಸ್ಲೇಯರ್ಸ್' ಸರಣಿ ಬಂತು, ಅಕ್ಟೋಬರ್‌ನಲ್ಲಿ 'ಇವಾಂಗೆಲಿಯನ್'. ಎರಡರಲ್ಲೂ ಇವರ ದನಿ ಇದೆ. ಒಂದರಲ್ಲಿ ಲೀನಾ: ಕಿರುಚುತ್ತಾಳೆ, ಜಗಳಕ್ಕೆ ನಿಲ್ಲುತ್ತಾಳೆ, ಮಾತಿನ ವೇಗಕ್ಕೆ ಸಬ್‌ಟೈಟಲ್ ಓದುವುದೇ ಕಷ್ಟ. ಇನ್ನೊಂದರಲ್ಲಿ ರೇ ಅಯನಾಮಿ: ನಾಲ್ಕೇ ಮಾತು, ಅದೂ ಹೆಚ್ಚು ಕಡಿಮೆ ಉಸಿರಿನಲ್ಲೇ. ಎರಡರಿಂದಲೂ ಒಂದೊಂದು ಕಂತು ಒಂದೇ ಸಂಜೆ ನೋಡಿ. ಒಬ್ಬರದೇ ಗಂಟಲು ಅಂದರೆ ನಂಬಿಕೆ ಬರಲ್ಲ, ಅಲ್ವಾ? ಅಂದಹಾಗೆ ಇವಾಂಗೆಲಿಯನ್‌ನಲ್ಲಿರುವ ಪೆಂಗ್ವಿನ್ ಪೆನ್‌ಪೆನ್‌ನ ದನಿಯೂ ಇವರದೇ.

ಆಮೇಲೆ ಸ್ವಲ್ಪ ಕಷ್ಟದ ಕೆಲಸ. 'ಡಿಟೆಕ್ಟಿವ್ ಕೊನಾನ್'ನಲ್ಲಿ 1999ರಿಂದ ಬರುವ ಐ ಹೈಬಾರಾಳನ್ನು ರೇ ಪಕ್ಕದಲ್ಲಿಟ್ಟು ಕೇಳಿ. ಇಬ್ಬರೂ ಮೆಲ್ಲಗೆ, ತಣ್ಣಗೆ ಮಾತಾಡುವವರೇ. ಆದರೆ ಹೈಬಾರಾ ಔಷಧದಿಂದ ಮಗುವಾದ ದೊಡ್ಡ ಹುಡುಗಿ, ಅವಳಿಗೆ ಎಲ್ಲ ಗೊತ್ತು, ಹಾಗಾಗಿ ವಾಕ್ಯದ ಕೊನೆಯಲ್ಲಿ ಒಂದು ಸಣ್ಣ ಕುಟುಕು ಇರುತ್ತದೆ. ರೇಗೆ ಆ ಕುಟುಕು ಇಲ್ಲ. ಅವಳು ಮಾತನ್ನು ಸುಮ್ನೆ ಕೆಳಗಿಟ್ಟು ಹೋಗುತ್ತಾಳೆ. ಈ ವ್ಯತ್ಯಾಸ ಕಿವಿಗೆ ಬೀಳುವವರೆಗೆ ಕೇಳಿ, ಬೇಕಿದ್ದರೆ ಕಣ್ಣು ಮುಚ್ಚಿಕೊಂಡು. ನನ್ನ ಪ್ರಕಾರ ಇವರ ನಿಜವಾದ ಶಕ್ತಿ ಇರುವುದು ಇಲ್ಲೇ, ದನಿ ಬದಲಾಯಿಸುವುದರಲ್ಲಿ ಅಲ್ಲ.

'ಪೋಕೆಮಾನ್'ನ ಮುಸಾಶಿಯನ್ನೂ (ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಜೆಸ್ಸಿ) 'ಕೌಬಾಯ್ ಬೀಬಾಪ್'ನ ಫೇಯನ್ನೂ ಬಿಡುವಾದಾಗ ನೋಡಿ. ಯಾವುದು ಮೊದಲಾದರೂ ನಡೆಯುತ್ತದೆ.

ಕೊನೆಗೆ ಇಟ್ಟುಕೊಳ್ಳಬೇಕಾದ್ದು 'ರಾನ್ಮಾ'. ಇದರ ನಾಯಕ ರಾನ್ಮಾ ತಣ್ಣೀರು ಬಿದ್ದರೆ ಹುಡುಗಿಯಾಗುವ ಹುಡುಗ. 1989ರಲ್ಲಿ ಹೆಣ್ಣು ರೂಪದ ರಾನ್ಮಾಗೆ ಹಯಾಶಿಬಾರಾ ದನಿ ಕೊಟ್ಟಿದ್ದರು. 2024ರಲ್ಲಿ ಹೊಸದಾಗಿ ಮಾಡಿದಾಗಲೂ ಆ ಪಾತ್ರ ಇವರಿಗೇ ಬಂತು, ಗಂಡು ರಾನ್ಮಾ ಆಗಿ ಕಪ್ಪೇಯ್ ಯಾಮಾಗುಚಿ ಕೂಡ ವಾಪಸ್ ಬಂದರು. ಎರಡರದ್ದೂ ಮೊದಲ ಕಂತು ತೆಗೆಯಿರಿ. ತೆಂಡೋ ಕುಟುಂಬದ ಮನೆಗೆ ಮೊದಲ ಸಲ ಬಂದು ರಾನ್ಮಾ ಹಿಂಜರಿಯುತ್ತ ತನ್ನ ಹೆಸರು ಹೇಳುವ ಜಾಗಕ್ಕೆ ಬನ್ನಿ. ನಡುವೆ 35 ವರ್ಷ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ.