ಮೂವತ್ತೊಂದರಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸೇರಿದ ನನ್ನ ಅನುಭವ

ಹಾಸನದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಎಂಟು ವರ್ಷ ಮೂಟೆ, ತೂಕದ ಲೆಕ್ಕ ಬರೆದವಳು ನಾನು. ಓದಿದ್ದು ಬಿ.ಕಾಂ. ಅಪ್ಪನಿಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಪಾಳಿಯ ಸಿಸ್ಟರ್ ಎರಡು ಗಂಟೆಗೊಮ್ಮೆ ಬಂದು ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಬೆನ್ನಿಗೆ ಒಂದು ಹುಣ್ಣೂ ಆಗದೆ ಅಪ್ಪ ಮನೆಗೆ ಬಂದರು. ಆಗಲೇ ಮನಸ್ಸು ಅತ್ತ ವಾಲಿತ್ತು.

ಬಿಎಸ್ಸಿ ನರ್ಸಿಂಗ್ ಮಾಡಬೇಕು ಅಂತ ಹೊರಟೆ. ಪಿಯುಸಿ ಕಾಮರ್ಸ್ ಆದರೂ ಪರವಾಗಿಲ್ಲ, ಸೀಟು ಕೊಡಿಸ್ತೀನಿ ಅಂತ ಒಬ್ಬ ಏಜೆಂಟ್ ಅಡ್ವಾನ್ಸ್ ಕೇಳಿದ. ದುಡ್ಡು ಎಣಿಸಿ ಕವರಿಗೆ ಹಾಕಿಯೂ ಆಗಿತ್ತು. ಕೊಡುವ ಹಿಂದಿನ ಸಂಜೆ ಪರಿಚಯದ ಸಿಸ್ಟರ್ ಒಬ್ಬರಿಗೆ ಫೋನ್ ಮಾಡಿದ್ದರಿಂದ ಉಳಿದೆ. ನಿಯಮ ಹೇಳಿದ್ದು ಅವರೇ. ಬಿಎಸ್ಸಿಗೆ ಭೌತ, ರಸಾಯನ, ಜೀವಶಾಸ್ತ್ರ ಓದಿರಲೇಬೇಕು. ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿಯಾದರೂ ನಡೆಯುತ್ತದೆ, ಇಂಗ್ಲಿಷ್ ಇರಬೇಕು, ಒಟ್ಟು ಶೇ. 40 ಅಂಕ ಇರಬೇಕು. ವಯಸ್ಸು ಮಾತ್ರ 35 ದಾಟಿರಬಾರದು.

ರಾತ್ರಿ ಕೂತು ಲೆಕ್ಕ ಹಾಕಿದೆ. ವಿಜ್ಞಾನದ ಪಿಯುಸಿ ಹೊಸದಾಗಿ 2 ವರ್ಷ, ಬಿಎಸ್ಸಿ 4 ವರ್ಷ, ಒಟ್ಟು 6. ಅಷ್ಟೂ ಕಾಲ ಸಂಬಳವಿಲ್ಲ. ಜಿಎನ್‌ಎಂ ಆದರೆ ಕೊನೆಯ 6 ತಿಂಗಳ ಇಂಟರ್ನ್‌ಶಿಪ್ ಸೇರಿ 3 ವರ್ಷ. ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದರೆ ದುಡಿಯಬಹುದು. ಆಮೇಲೆ ಜಿಎನ್‌ಎಂ ಮುಗಿಸಿದವರಿಗೆಂದೇ ಇರುವ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಡಿಗ್ರಿಯೂ ಸಿಗುತ್ತದೆ, ಮುಂದೆ ಎಂಎಸ್ಸಿಗೂ ಬಾಗಿಲು ತೆರೆದಿರುತ್ತದೆ. ಇಷ್ಟು ನೋಡಿದ ಮೇಲೆ ಜಿಎನ್‌ಎಂ ಅರ್ಜಿ ತುಂಬಿದೆ. ಸೇರುವ ಮೊದಲು ಶಾಲೆಗೆ ಮಾನ್ಯತೆ ಇದೆಯಾ ಅಂತ ಕಾಗದ ಕೇಳಿ ನೋಡಿಕೊಂಡೆ. ಏಜೆಂಟನ ಪ್ರಸಂಗ ಆದ ಮೇಲೆ ಯಾರ ಬಾಯಿಮಾತಿಗೂ ಒಪ್ಪಲಿಲ್ಲ.

ಕ್ಲಾಸಿನಲ್ಲಿ ಎಲ್ಲರೂ ಹದಿನೆಂಟು ಹತ್ತೊಂಬತ್ತರವರು. ಅನಾಟಮಿ ನನಗೆ ಕಬ್ಬಿಣದ ಕಡಲೆ. ಮೂಳೆಗಳ ಹೆಸರನ್ನು ಹಳೇ ಲೆಜರ್ ಪುಸ್ತಕದ ಹಿಂಬದಿಯಲ್ಲಿ ಬರೆದು ಬೇಲೂರು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಆದರೆ ವಾರ್ಡಿನಲ್ಲಿ ಲೆಕ್ಕದ ಕೈ ಕೆಲಸಕ್ಕೆ ಬಂತು. 1000 ಎಂ.ಎಲ್. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಹನಿ ಇಳಿಸುವ ಕೊಳವೆಯ ಸೆಟ್ಟು ಎಂ.ಎಲ್.ಗೆ 20 ಹನಿಯದು. 20,000 ಹನಿ, 480 ನಿಮಿಷ, ನಿಮಿಷಕ್ಕೆ 42. ವಾಚು ಹಿಡಿದು ಎಣಿಸಿ, ಕ್ಲ್ಯಾಂಪ್ ತಿರುಗಿಸಿ ಸರಿಮಾಡಿ ಹೋದೆ. ಮತ್ತೆ ಬಂದು ನೋಡಿದರೆ 30ಕ್ಕೆ ಇಳಿದಿತ್ತು. ಅಜ್ಜಿ ಮೊಣಕೈ ಮಡಚಿ ಮಲಗಿದ್ದರು. ಕೈ ನೀಟಾಗಿ ಚಾಚಿಸಿ, ಕೆಳಗೊಂದು ದಿಂಬು ಕೊಟ್ಟು ಮತ್ತೆ ಎಣಿಸಿದೆ. ಹನಿ ಒಮ್ಮೆ ಎಣಿಸಿದರೆ ಸಾಲದು ಅಂತ ಗೊತ್ತಾಗಿದ್ದು ಅವತ್ತು.

ಮುಗಿಸಿ ಎರಡು ವರ್ಷ ವಾರ್ಡಿನಲ್ಲಿ ದುಡಿದೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಜಿಎನ್‌ಎಂನವರು ಕೂರಬೇಕಾದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು, ಆ ಪತ್ರ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಈಗ ಪೋಸ್ಟ್ ಬೇಸಿಕ್ ಓದುತ್ತಿದ್ದೇನೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ನನ್ನ ದಾರಿ ಸುತ್ತುಬಳಸು, ನೇರ ಬಿಎಸ್ಸಿಗೇ ಹೋಗಿ. ಕಾಮರ್ಸ್, ಆರ್ಟ್ಸ್ ಓದಿ ಮೂವತ್ತು ದಾಟಿದವರು ಮೊದಲು ಪೆಟ್ಟಿಗೆಯಿಂದ ಪಿಯುಸಿ ಅಂಕಪಟ್ಟಿ ತೆಗೆಯಿರಿ, ಜೊತೆಗೆ ಹುಟ್ಟಿದ ತಾರೀಖನ್ನೂ ನೋಡಿಕೊಳ್ಳಿ.