‘ಯೂಸ್ಡ್ ಟು’ ನನ್ನ ಕೈಗೆ ಸಿಕ್ಕಿದ್ದು ಅಮ್ಮನ ಮಾತಿನಲ್ಲಿ

ಇಂಟರ್‌ವ್ಯೂ ಚೆನ್ನಾಗೇ ನಡೀತಿತ್ತು. ಆಗ ನಾನು ತಿಪಟೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಅಕೌಂಟ್ಸ್ ಕೆಲಸಕ್ಕಿದ್ದೆ. ಬೆಂಗಳೂರಿನ ಒಂದು ಕಂಪನಿಯಿಂದ ಕರೆ ಬಂದಿತ್ತು. ಈಗ ಏನೇನು ಕೆಲಸ ನೋಡಿಕೊಳ್ತೀರಿ ಅಂತ ಎದುರಿಗಿದ್ದವರು ಇಂಗ್ಲಿಷಿನಲ್ಲಿ ಕೇಳಿದರು. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಒಪ್ಪಿಸಿದೆ: ‘ಸರ್, ಎವ್ರಿ ಮಂತ್ ಐ ಯೂಸ್ಡ್ ಟು ಫೈಲ್ ಜಿಎಸ್‌ಟಿ ರಿಟರ್ನ್ಸ್.’

ಅವರು ಪೆನ್ನು ಕೆಳಗಿಟ್ಟು, ‘ಓಹ್, ವೈ ಡಿಡ್ ಯು ಸ್ಟಾಪ್?’ ಅಂದರು.

ನಿಲ್ಲಿಸಿದ್ದಾ? ಯಾರು ನಿಲ್ಲಿಸಿದ್ದು? ಹಿಂದಿನ ವಾರ ತಾನೇ, 20ನೇ ತಾರೀಕು, ರಾತ್ರಿ ಹತ್ತರವರೆಗೆ ಪೋರ್ಟಲ್ ಜೊತೆ ಗುದ್ದಾಡಿ ಆ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಹಾಕಿ ಮನೆಗೆ ಹೋಗಿದ್ದೆ. ‘ನೋ ಸರ್, ಸ್ಟಿಲ್ ಐ ಯೂಸ್ಡ್ ಟು ಫೈಲ್’ ಅಂದೆ. ಅವರು ಸಣ್ಣಗೆ ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಅದಕ್ಕೆ ಇದೇ ಕಾರಣ ಅಂತ ಹೇಳೋಕಾಗಲ್ಲ. ಆದರೆ ಊರಿಗೆ ವಾಪಸ್ ಬರುವಾಗ ರೈಲಿನಲ್ಲಿ ತಲೆ ಕೊರೀತಿದ್ದಿದ್ದು ಇದೊಂದೇ.

ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಸುತ್ತಮುತ್ತ ಎಲ್ಲರೂ ಹೀಗೇ ಮಾತಾಡ್ತಿದ್ದರು. ‘ಡೈಲಿ ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಅಂದರೆ ದಿನಾ ಐದಕ್ಕೆ ಏಳ್ತೀನಿ ಅಂತಲೇ ನಮಗೆಲ್ಲ ಅರ್ಥ. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕಿವಿಗೆ ಅದು ಬೇರೆಯೇ ಕೇಳುತ್ತೆ. ಮೊದಲು ಐದಕ್ಕೆ ಏಳ್ತಿದ್ದೆ, ಈಗ ಬಿಟ್ಟಿದ್ದೀನಿ ಅಂತ. ಅವರು ಯಾಕೆ ನಿಲ್ಲಿಸಿದಿರಿ ಅಂತ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಈ ತಪ್ಪು ನಮ್ಮ ಬಾಯಿಗೆ ಯಾಕೆ ಬರುತ್ತೆ ಅಂತ ನಾನು ಆಮೇಲೆ ಜಾಸ್ತಿ ಯೋಚನೆ ಮಾಡಿದ್ದೀನಿ. ಕನ್ನಡದಲ್ಲಿ ‘ಮಾಡ್ತೀನಿ’ ಅಂದರೆ ದಿನಾ ಮಾಡ್ತೀನಿ ಅಂತಲೂ ಆಗುತ್ತೆ, ನಾಳೆ ಮಾಡ್ತೀನಿ ಅಂತಲೂ ಆಗುತ್ತೆ. ಅಭ್ಯಾಸ ಅಂತ ಒತ್ತಿ ಹೇಳಬೇಕಾದರೆ ‘ಮಾಡ್ತಾ ಇರ್ತೀನಿ’ ಅಂತೀವಿ. ಹಾಗಾಗಿ ಇಂಗ್ಲಿಷಿನ ಬರೀ ‘ಐ ಫೈಲ್’ ಬೋಳುಬೋಳು ಅನ್ಸುತ್ತೆ. ಅಲ್ಲಿ ಇನ್ನೇನೋ ಒಂದು ಬೇಕು ಅನ್ಸಿ ‘ಯೂಸ್ಡ್ ಟು’ ತಂದು ಹಾಕ್ತೀವಿ. ಇದು ನನ್ನ ಲೆಕ್ಕಾಚಾರ, ವ್ಯಾಕರಣ ಪಂಡಿತರು ಬೇರೆ ಹೇಳಬಹುದು. ಆದರೆ ಆ ಖಾಲಿ ಜಾಗಕ್ಕೆ ‘ಯೂಶುವಲಿ’ ಅಂತ ಹಾಕೋಕೆ ಶುರು ಮಾಡಿದ ಮೇಲೆ ನನ್ನ ಅರ್ಧ ಕಾಯಿಲೆ ವಾಸಿಯಾಯ್ತು. ‘ಐ ಯೂಶುವಲಿ ಗೆಟ್ ಅಪ್ ಅಟ್ ಫೈವ್.’ ಶಬ್ದವೂ ಹೆಚ್ಚುಕಡಿಮೆ ಅದೇ ಥರ ಇರೋದರಿಂದ ನಾಲಿಗೆ ಬೇಗ ಒಪ್ಪಿಕೊಂಡಿತು.

ಉಳಿದರ್ಧ, ಅಂದರೆ ‘ಯೂಸ್ಡ್ ಟು’ವನ್ನ ಸರಿಯಾದ ಜಾಗದಲ್ಲಿ ಬಳಸೋದು, ಗ್ರಾಮರ್ ಪುಸ್ತಕದಿಂದ ಬರಲಿಲ್ಲ. ನಿಯಮವೇನೋ ಗೊತ್ತಿತ್ತು: ಹಿಂದೆ ರೂಢಿಯಲ್ಲಿದ್ದು ಈಗ ಇಲ್ಲದ್ದಕ್ಕೆ ಬಳಸಬೇಕು. ಮಾತಿನ ಮಧ್ಯೆ ಅದು ನೆನಪಾಗಬೇಕಲ್ಲ! ‘ಹೋಗ್ತಿದ್ದೆ’ ಅಂತ ಮನಸ್ಸಿಗೆ ಬಂದ ಕೂಡಲೇ ಬಾಯಲ್ಲಿ ‘ಐ ವಾಸ್ ಗೋಯಿಂಗ್’ ಬಂದುಬಿಡುತ್ತಿತ್ತು. ‘ಚೈಲ್ಡ್‌ಹುಡ್‌ನಲ್ಲಿ ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ವಾಕ್’ ಅಂತ ಎಷ್ಟು ಸಲ ಹೇಳಿಲ್ಲ ನಾನು!

ಒಂದು ಸಂಜೆ ಅಮ್ಮ ಜಗಲಿ ಮೇಲೆ ಪಕ್ಕದ ಮನೆಯವರ ಜೊತೆ ಕೂತು ನಮ್ಮ ತಾತನ ಸುದ್ದಿ ಹೇಳ್ತಿದ್ದರು. ‘ನಮ್ಮ ಮಾವನವರು ಗಾಡಿ ಕಟ್ಕೊಂಡು ಸಂತೆಗೆ ಹೋಗೋರು. ಬರುವಾಗ ಮಕ್ಕಳಿಗೆ ಅಂತ ಕಳ್ಳೆಪುರಿ ತರೋರು. ರಾತ್ರಿ ನಾನು ಬಾಗಿಲು ತೆಗೆಯೋದು ತಡವಾದ್ರೆ ಹೊರಗೇ ನಿಂತ್ಕೊಂಡು ಕೆಮ್ಮೋರು. ಬಾಯಿಬಿಟ್ಟು ಕರೀತಿರಲಿಲ್ಲ.’

ಹೋಗೋರು, ತರೋರು, ಕೆಮ್ಮೋರು. ನಾನು ಒಳಗೆ ಲೆಡ್ಜರ್ ಮುಂದೆ ಕೂತಿದ್ದವಳು ಪೆನ್ಸಿಲ್ ಕೈಯಲ್ಲೇ ಹಿಡಿದು ಹೊರಗೆ ಬಂದೆ. ಇದೇ ತಾನೇ ‘ಯೂಸ್ಡ್ ಟು’? ಹೋಗ್ತಿದ್ದರು ಅಂತ ಅಲ್ಲ, ಹೋಗೋರು. ಎಷ್ಟೋ ಸಲ ನಡೆದಿದ್ದು, ಈಗ ಇಲ್ಲದ್ದು, ಎರಡೂ ಆ ಒಂದು ‘ಓರು’ ಒಳಗೇ ಇದೆ. ಹುಟ್ಟಿದಾಗಿನಿಂದ ಕೇಳ್ತಾ ಬಂದಿದ್ದೀನಿ, ಗಮನಿಸಿರಲಿಲ್ಲ ಅಷ್ಟೇ.

ಅವತ್ತಿಂದ ಇದೇ ನನ್ನ ಪರೀಕ್ಷೆ. ಹೇಳಬೇಕಾದ ಮಾತನ್ನ ಅಮ್ಮನ ಥರ ‘ಓರು’ ಹಾಕಿ ಹೇಳೋಕಾಗುತ್ತಾ ಅಂತ ನೋಡ್ತೀನಿ. ‘ನಾನು ಫೋನ್ ಮಾಡಿದಾಗ ಅವರು ಊಟ ಮಾಡೋರು’ ಅಂತ ಯಾರಾದ್ರೂ ಅಂತಾರಾ? ಇಲ್ಲ, ಊಟ ಮಾಡ್ತಿದ್ದರು ಅಂತಾರೆ. ಹಾಗಾದರೆ ಅದು ‘ವಾಸ್ ಈಟಿಂಗ್’. ‘ಆಗೆಲ್ಲ ಅವರು ಏಳಕ್ಕೇ ಊಟ ಮಾಡೋರು’ ಅನ್ನಬಹುದಾ? ಧಾರಾಳವಾಗಿ. ಹಾಗಾದರೆ ‘ಯೂಸ್ಡ್ ಟು ಈಟ್’. ಇದು ನಮ್ಮ ಹಳೇ ಮೈಸೂರು ಕಡೆಯ ಮಾತು. ಬೇರೆ ಕಡೆಯವರು ತಮ್ಮ ಮನೆ ಮಾತಿನಲ್ಲಿ ಇದರ ಜೊತೆಗಾರನನ್ನು ಹುಡುಕಿಕೊಳ್ಳಬೇಕು.

ನನ್ನ ರೆಸ್ಯೂಮೆಯಲ್ಲಿದ್ದ ಇನ್ನೊಂದು ತಪ್ಪು ಕೂಡ ಇದೇ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ‘ಐ ಯೂಸ್ಡ್ ಟು ವರ್ಕ್ ದೇರ್ ಫಾರ್ ಫೋರ್ ಇಯರ್ಸ್’ ಅಂತ ಬರೆದಿದ್ದೆ. ‘ಅವರು ಅಲ್ಲಿ ನಾಲ್ಕು ವರ್ಷ ಕೆಲಸ ಮಾಡೋರು’ ಅಂದರೆ ಕಿವಿಗೆ ಕಿರಿಕಿರಿ. ನಾಲ್ಕು ವರ್ಷ ಅಂತ ಲೆಕ್ಕ ಕೊಟ್ಟ ಮೇಲೆ ‘ಮಾಡಿದರು’ ಅಂತಲೇ ಆಗಬೇಕು. ಇಂಗ್ಲಿಷಿನಲ್ಲೂ ಅಷ್ಟೇ, ‘ಐ ವರ್ಕ್ಡ್ ದೇರ್ ಫಾರ್ ಫೋರ್ ಇಯರ್ಸ್’. ಒಟ್ಟು ಎಷ್ಟು ವರ್ಷ, ಒಟ್ಟು ಎಷ್ಟು ಸಲ ಅಂತ ಬಂತೋ, ‘ಯೂಸ್ಡ್ ಟು’ ಜಾಗ ಖಾಲಿ ಮಾಡುತ್ತೆ.

ಅಮ್ಮನ ಕತೆಯನ್ನೇ ಇಂಗ್ಲಿಷಿಗೆ ತಿರುಗಿಸಿ ಡೈರಿಯಲ್ಲಿ ಬರೆದು ನೋಡಿದೆ. ಮೊದಲ ವಾಕ್ಯ ‘ಹಿ ಯೂಸ್ಡ್ ಟು ಗೋ ಟು ದ ಮಾರ್ಕೆಟ್ ಬೈ ಬುಲಕ್ ಕಾರ್ಟ್’. ಎರಡನೇದಕ್ಕೂ ‘ಯೂಸ್ಡ್ ಟು’, ಮೂರನೇದಕ್ಕೂ ಅದೇ ಹಾಕಿದರೆ ಓದೋಕೆ ಬೇಜಾರು. ಒಂದು ಸಲ ‘ಯೂಸ್ಡ್ ಟು’ ಹೇಳಿ ಕಾಲ ಯಾವುದು ಅಂತ ಗೊತ್ತು ಮಾಡಿದ ಮೇಲೆ ‘ವುಡ್’ ಸಾಕು: ‘ಹಿ ವುಡ್ ಬ್ರಿಂಗ್ ಅಸ್ ಪಫ್ಡ್ ರೈಸ್. ಹಿ ವುಡ್ ಸ್ಟ್ಯಾಂಡ್ ಔಟ್‌ಸೈಡ್ ಆ್ಯಂಡ್ ಕಾಫ್.’ ಆದರೆ ತಾತನಿಗೆ ದೊಡ್ಡ ಮೀಸೆ ಇತ್ತು ಅನ್ನೋಕೆ ‘ವುಡ್’ ನಡೆಯಲ್ಲ. ಮೀಸೆ ಇರೋದು ಮಾಡುವ ಕೆಲಸ ಅಲ್ವಲ್ಲ. ಅಲ್ಲಿ ‘ಯೂಸ್ಡ್ ಟು ಹ್ಯಾವ್’ ಬೇಕು.

ನನ್ನ ‘ಓರು’ ಪರೀಕ್ಷೆ ಸೋಲೋದೂ ಇಲ್ಲೇ. ‘ಇತ್ತು’ ಅನ್ನೋ ಕಡೆ ಅದು ಕೆಲಸಕ್ಕೆ ಬರಲ್ಲ. ಅಂಥ ಕಡೆ ‘ಮೊದಲು’ ಅನ್ನೋ ಮಾತು ಸೇರಿಸಿ ನೋಡ್ತೀನಿ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋ ಕಡೆ ಮೊದಲು ಧರ್ಮಾಂಬುಧಿ ಕೆರೆ ಇತ್ತು: ‘ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್.’ ಬಸ್ಸಿಗೆ ಕಾಯ್ತಾ ಎಷ್ಟೋ ದಿನ ಈ ವಾಕ್ಯ ಬಾಯಲ್ಲಿ ಆಡಿಸಿದ್ದೀನಿ. ಕರ್ನಾಟಕಕ್ಕೆ ಮೊದಲು ಮೈಸೂರು ಅಂತಿದ್ದರು: ‘ಕರ್ನಾಟಕ ಯೂಸ್ಡ್ ಟು ಬಿ ಕಾಲ್ಡ್ ಮೈಸೂರ್.’ ಹೆಸರು ಬದಲಾಗಿದ್ದು ಮಾತ್ರ ಒಂದೇ ಸಲ, 1973ರ ನವೆಂಬರ್ 1ಕ್ಕೆ. ಆ ಮಾತಿಗೆ ಬರೀ ‘ಬಿಕೇಮ್’.

ಕೊನೆಗೂ ಬೆಂಗಳೂರಿನಲ್ಲಿ ಬೇರೊಂದು ಕಡೆ ಕೆಲಸ ಸಿಕ್ಕಿತು. ಅಲ್ಲಿ ಎರಡನೇ ವಾರ ಮ್ಯಾನೇಜರ್ ಬಂದು, ‘ಆರ್ ಯು ಯೂಸ್ಡ್ ಟು ದ ನ್ಯೂ ಸಾಫ್ಟ್‌ವೇರ್?’ ಅಂದರು. ಹಿಂದೆ ಬಳಸಿದ್ದೀಯಾ ಅಂತ ಕೇಳ್ತಿದ್ದಾರೆ ಅಂದ್ಕೊಂಡು ಧೈರ್ಯವಾಗಿ ಹೇಳಿದೆ: ‘ನೋ ಸರ್, ಐ ಯೂಸ್ಡ್ ಟ್ಯಾಲಿ.’ ಅವರು ಕೇಳಿದ್ದು ರೂಢಿ ಆಯ್ತಾ ಅಂತ! ಪಾಪ, ಇನ್ನೂ ಒಂದು ವಾರ ನನ್ನ ಪಕ್ಕ ಒಬ್ಬರನ್ನ ಕೂರಿಸಿದರು.

ಇದಕ್ಕೂ ದಾರಿ ಕನ್ನಡದಲ್ಲೇ ಸಿಕ್ಕಿತು. ‘ನಾನು ಮೊದಲು ಬೇಗ ಏಳ್ತಿದ್ದೆ’ ಅಂದರೆ ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’. ‘ನನಗೆ ಬೇಗ ಏಳೋದು ರೂಢಿ’ ಅಂದರೆ ‘ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’. ಮನಸ್ಸಿನಲ್ಲಿ ‘ರೂಢಿ’ ಅನ್ನೋ ಮಾತು ಇದ್ದರೆ ಹಿಂದೆ ‘ಆ್ಯಮ್’, ‘ಈಸ್’, ‘ಆರ್’, ‘ವಾಸ್’, ಇಲ್ಲವೇ ‘ಗೆಟ್’ ಥರದ್ದು ಯಾವುದಾದರೂ ಬರಲೇಬೇಕು. ಇನ್ನೊಂದು ಚಂದ ನೋಡಿ. ಏಳೋದು, ಕಾಯೋದು, ಓಡಿಸೋದು ಅಂತ ಕನ್ನಡದಲ್ಲಿ ಪದದ ಕೊನೆಗೆ ‘ಓದು’ ಬಂದ ಕಡೆ ಇಂಗ್ಲಿಷಿನಲ್ಲಿ ‘ಇಂಗ್’ ಬರುತ್ತೆ: ಗೆಟಿಂಗ್ ಅಪ್, ವೇಟಿಂಗ್, ಡ್ರೈವಿಂಗ್. ಮೇಲ್ ಕೊನೆಗೆ ಹಾಕುವ ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಇದೇ ಜಾತಿಯದು. ‘ಟು ಮೀಟ್’ ಅಂತ ಬರೆದು ಕಳಿಸಿದ ನನ್ನ ಹಳೇ ಮೇಲ್‌ಗಳು ಈಗಲೂ ಸೆಂಟ್ ಫೋಲ್ಡರಿನಲ್ಲಿವೆ, ನೋಡೋಕೆ ಹೋಗಲ್ಲ. ಇನ್ನೂ ರೂಢಿ ಆಗ್ತಾ ಇದ್ದರೆ ‘ಐ ಆ್ಯಮ್ ಗೆಟಿಂಗ್ ಯೂಸ್ಡ್ ಟು ಇಟ್’. ಹೊಸಬರಿಗೆ ‘ರೂಢಿಯಾಗುತ್ತೆ ಬಿಡಿ’ ಅಂತೀವಲ್ಲ, ಅದು ‘ಯೂ ವಿಲ್ ಗೆಟ್ ಯೂಸ್ಡ್ ಟು ಇಟ್’.

ಉಚ್ಚಾರಣೆಗೆ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳ್ತಿದ್ದೆ. ಎರಡು ಪೆನ್ನು ಬಳಸಿದೆ ಅನ್ನುವಾಗ ‘ಯೂಜ಼್ಡ್ ಟೂ ಪೆನ್ಸ್’, ಅಲ್ಲಿ ಜೇನ್ನೊಣದ ಝೇಂಕಾರದ ಥರ ಶಬ್ದ ಬರಬೇಕು. ರೂಢಿಯ ‘ಯೂಸ್ಡ್ ಟು’ಗೆ ಆ ಝೇಂಕಾರ ಇಲ್ಲ, ನಮ್ಮ ‘ಸ’ ಸಾಕು. ಮಧ್ಯದ ‘ಡ್’ ಕೂಡ ನುಂಗಿಹೋಗಿ ‘ಯೂಸ್ಟು’ ಅಂತ ಒಂದೇ ಪದದ ಹಾಗೆ ಕೇಳುತ್ತೆ. ಬಿಡಿಬಿಡಿಯಾಗಿ ಹೇಳೋದು ಬಿಟ್ಟ ಮೇಲೆ ಸಿನಿಮಾದಲ್ಲಿ, ಮೀಟಿಂಗಿನಲ್ಲಿ ಬೇರೆಯವರು ಹೇಳಿದ್ದೂ ಕಿವಿಗೆ ಸಿಗೋಕೆ ಶುರುವಾಯ್ತು.

ಒಂದು ತಮಾಷೆ ಗೊತ್ತಾ? ನಾವು ಮಾಡ್ತಿದ್ದ ತಪ್ಪು ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಸರಿಯೇ ಆಗಿತ್ತು. ‘ಯೂಸ್ ಟು’ ಅಂದರೆ ‘ಮಾಡ್ತಾ ಇರ್ತೀನಿ’ ಅಂತ ವರ್ತಮಾನದಲ್ಲೂ ಬಳಸ್ತಿದ್ದರು. 1611ರ ಕಿಂಗ್ ಜೇಮ್ಸ್ ಬೈಬಲಿನ 119ನೇ ಕೀರ್ತನೆಯಲ್ಲಿ ‘ಆ್ಯಸ್ ದೌ ಯೂಸೆಸ್ಟ್ ಟು ಡು’ ಅಂತಿದೆ, ಅಂದರೆ ‘ನೀನು ಯಾವಾಗಲೂ ಮಾಡುವ ಹಾಗೆ’. ಆಮೇಲೆ ವರ್ತಮಾನದ್ದು ಸತ್ತುಹೋಗಿ ಭೂತಕಾಲದ್ದು ಮಾತ್ರ ಉಳಿಯಿತು. ನಾನು ನಾನೂರು ವರ್ಷ ಮೊದಲು ಇಂಟರ್‌ವ್ಯೂಗೆ ಹೋಗಬೇಕಿತ್ತು.

ಇಷ್ಟೆಲ್ಲ ಆದರೂ ಒಂದು ಕಡೆ ಈಗಲೂ ಕೈ ತಡೆಯುತ್ತೆ. ‘ಮೊದಲು ನಾನು ಕಾಫಿ ಕುಡೀತಿರಲಿಲ್ಲ’ ಅನ್ನೋಕೆ ‘ಐ ಡಿಡಂಟ್ ಯೂಸ್ ಟು ಡ್ರಿಂಕ್ ಕಾಫಿ’. ‘ಡಿಡಂಟ್’ ಬಂದ ಮೇಲೆ ‘ಯೂಸ್’ ಕೊನೆಗೆ ‘ಡಿ’ ಬರೆಯಬಾರದು. ಹೇಳುವಾಗ ಪರವಾಗಿಲ್ಲ, ಬರೆದರೂ ಬರೆಯದಿದ್ದರೂ ಕೇಳೋದು ಒಂದೇ ಥರ. ಮೇಲ್ ಬರೆಯುವಾಗ ಮಾತ್ರ ಅನುಮಾನ ಶುರುವಾಗುತ್ತೆ. ಹಾಗಾಗಿ ಬರವಣಿಗೆಯಲ್ಲಿ ಆ ತಂಟೆಗೇ ಹೋಗಲ್ಲ, ‘ಐ ನೆವರ್ ಯೂಸ್ಡ್ ಟು ಡ್ರಿಂಕ್ ಕಾಫಿ’ ಅಂತ ಬರೆದು ಕಳಿಸ್ತೀನಿ.