ರಾಕೆಟ್ ಗೋಪುರದ ಡ್ಯಾಂಪರ್, ನನ್ನ ಅಲುಗಾಡುವ ಸೇತುವೆ

ಸೇತುವೆಯನ್ನು ಓಡಾಟಕ್ಕೆ ಬಿಟ್ಟ ನಾಲ್ಕನೇ ದಿನ ನಮ್ಮ ಫಿಟ್ಟರ್ ಮೇಸ್ತ್ರಿ ಫೋನ್ ಮಾಡಿದರು. "ಸಾರ್, ಒಂದ್ಸಲ ಬಂದು ನಿಂತು ನೋಡಿ. ದೋಣಿ ಮೇಲೆ ನಿಂತ ಹಂಗಾಗ್ತದೆ." ಪಾದಚಾರಿಗಳಿಗೆಂದೇ ಕಟ್ಟಿದ 70 ಮೀಟರ್ ಉದ್ದದ ಉಕ್ಕಿನ ಸೇತುವೆ ಅದು. ಒಬ್ಬಿಬ್ಬರು ನಡೆದರೆ ಏನೂ ಆಗುತ್ತಿರಲಿಲ್ಲ. ನೂರೈವತ್ತು ಜನ ಒಟ್ಟಿಗೆ ಬಂದರೆ ಮಾತ್ರ ನಡುಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು. ಜನ ಕಂಬಿ ಹಿಡಿದು ನಿಂತುಬಿಡುತ್ತಿದ್ದರು, ಕೆಲವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ವಿನ್ಯಾಸದ ಕಾಗದದ ಮೇಲೆ ನನ್ನ ಸಹಿ ಇತ್ತು.

ಮುರಿದು ಬೀಳುವ ಭಯವೇನೂ ಇರಲಿಲ್ಲ. ತೊಂದರೆ ಬೇರೆಯದು. ನಡೆಯುವಾಗ ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಎಡಗಾಲು ಎಡಕ್ಕೆ ತಳ್ಳುತ್ತದೆ, ಬಲಗಾಲು ಬಲಕ್ಕೆ. ಅಂದರೆ ಪಕ್ಕಕ್ಕೆ ಬೀಳುವ ತಳ್ಳು ಸೆಕೆಂಡಿಗೆ ಒಂದು ಸುತ್ತು. ನನ್ನ ಸೇತುವೆ ಪಕ್ಕಕ್ಕೆ ತೂಗುವ ಸಹಜ ಆವರ್ತನ 0.95 ಹರ್ಟ್ಸ್, ಅಂದರೆ ಅದೂ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತು. ಸೇತುವೆ ಸ್ವಲ್ಪ ತೂಗಿದರೂ ಮೇಲಿರುವವರು ಬೀಳದಿರಲು ತಮಗೆ ಗೊತ್ತಿಲ್ಲದೆಯೇ ಅದರ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಹಾಗೆ ಹಾಕಿದಷ್ಟೂ ಅದು ಇನ್ನಷ್ಟು ತೂಗುತ್ತದೆ. ಈ ಶಕ್ತಿಯನ್ನು ನುಂಗುವ ಗುಣ, ಅಂದರೆ ಡ್ಯಾಂಪಿಂಗ್, ನನ್ನ ಸೇತುವೆಯಲ್ಲಿ ಶೇ. 0.6 ಮಾತ್ರ ಇತ್ತು. ಬೆಸುಗೆ ಹಾಕಿದ ಉಕ್ಕು ಗಂಟೆಯ ಹಾಗೆ, ಒಮ್ಮೆ ಬಡಿದರೆ ಬಹಳ ಹೊತ್ತು ನಾದ ನಿಲ್ಲುವುದಿಲ್ಲ.

ನಾನು ಲೆಕ್ಕ ಹಾಕಿದ ಸಾಫ್ಟ್‌ವೇರ್‌ನ ವಂಶಾವಳಿ ನೋಡಿದರೆ ಅದರ ಬೇರು ನಾಸ್ಟ್ರಾನ್‌ಗೆ ಹೋಗುತ್ತದೆ. 1960ರ ದಶಕದಲ್ಲಿ ನಾಸಾದ ಒಂದೊಂದು ಕೇಂದ್ರವೂ ರಾಕೆಟ್ ರಚನೆಗಳ ಲೆಕ್ಕಕ್ಕೆ ತನ್ನದೇ ಪ್ರೋಗ್ರಾಂ ಬರೆದುಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಇರಲಿ ಎಂದು ಮಾಡಿಸಿದ್ದು ನಾಸ್ಟ್ರಾನ್. ಮುಂದೆ ಅದು ಹೊರಗಿನವರ ಕೈಗೂ ಬಂದು ಸೇತುವೆ, ಕಟ್ಟಡ, ಕಾರು ಎಲ್ಲಕ್ಕೂ ಬಳಕೆಯಾಯಿತು. ಇಲ್ಲಿಗೆ ನಿಲ್ಲಿಸಿದರೆ 'ಬಾಹ್ಯಾಕಾಶ ಕೊಟ್ಟಿತು, ಕಟ್ಟಡದವರು ಪಡೆದರು' ಎಂಬ ಹಳೆಯ ಕತೆಯೇ ಆಗುತ್ತದೆ. ಆದರೆ ಅದರೊಳಗಿನ, ರಚನೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನಕ್ಕೆ 1960ರಲ್ಲಿ ಆ ಹೆಸರಿಟ್ಟವರು ರೇ ಕ್ಲಫ್, ಬರ್ಕ್ಲಿಯ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಬೇಸಿಗೆ ರಜೆಯಲ್ಲಿ ಬೋಯಿಂಗ್‌ಗೆ ಹೋಗಿ ವಿಮಾನದ ರೆಕ್ಕೆಯ ಸಮಸ್ಯೆಯಲ್ಲಿ ಕೈಯಾಡಿಸಿ ಬಂದವರು. ಆಮೇಲೆ ಅದೇ ವಿಧಾನವನ್ನು ಬಿರುಕು ಬಿಟ್ಟ ಅಣೆಕಟ್ಟಿನ ಮೇಲೆ ಪ್ರಯೋಗಿಸಿದರು. ಸಿವಿಲ್‌ನಿಂದ ಆಕಾಶಕ್ಕೆ, ಆಕಾಶದಿಂದ ಸಿವಿಲ್‌ಗೆ. ಯಾರು ಯಾರಿಗೆ ಸಾಲಗಾರರು ಎಂದು ಹೇಳುವುದು ಕಷ್ಟ.

ಇರಲಿ, ನನ್ನ ಸೇತುವೆಗೆ ಬರುತ್ತೇನೆ.

ಪರಿಹಾರ ಪುಸ್ತಕದಲ್ಲೇ ಇತ್ತು: ದ್ರವದ ಡ್ಯಾಂಪರ್ ಹಾಕು. ಸ್ಕೂಟರಿನ ಶಾಕ್ ಅಬ್ಸಾರ್ಬರ್‌ನ ಅಣ್ಣ ಎನ್ನಬಹುದು. ಸಿಲಿಂಡರಿನೊಳಗೆ ಸಿಲಿಕೋನ್ ಎಣ್ಣೆ, ಅದರಲ್ಲಿ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ರಂಧ್ರ. ಪಿಸ್ಟನ್ ಆಡಿದರೆ ಎಣ್ಣೆ ರಂಧ್ರದಲ್ಲಿ ನುಗ್ಗಿ ಬಿಸಿಯಾಗುತ್ತದೆ. ತೂಗಾಟದ ಶಕ್ತಿ ಶಾಖವಾಗಿ ಹೋಗುತ್ತದೆ. ಕಂಬದಿಂದ ಉಕ್ಕಿನ ತೋಳು ಚಾಚಿ, ತೋಳಿಗೂ ಸೇತುವೆಯ ಹಾಸಿಗೂ ನಡುವೆ ನಾಲ್ಕು ಡ್ಯಾಂಪರ್ ಕೂರಿಸಿದೆವು. ಸಂಜೆ ನಮ್ಮವರನ್ನೇ ಸಾಲಾಗಿ ನಡೆಸಿ ಅಳೆದರೆ ಆವರ್ತನ 0.95ರಿಂದ 1.08ಕ್ಕೆ ಏರಿತ್ತು. ಡ್ಯಾಂಪಿಂಗ್ ಮಾತ್ರ ಶೇ. 0.8. ಅಷ್ಟೆಲ್ಲ ಮಾಡಿ ಸಿಕ್ಕಿದ್ದು ಇಷ್ಟು.

ಎರಡು ರಾತ್ರಿ ನಿದ್ದೆ ಕೆಟ್ಟು ಅಂಕಿಗಳನ್ನು ನೋಡಿದ ಮೇಲೆ ತಲೆಗೆ ಹೊಳೆಯಿತು. ಆವರ್ತನ ಏರಿದೆ ಎಂದರೆ ಸೇತುವೆ ಬಿಗಿಯಾಗಿದೆ. ಡ್ಯಾಂಪರ್ ಡ್ಯಾಂಪರಿನಂತೆ ಕೆಲಸ ಮಾಡುತ್ತಿಲ್ಲ, ಬರೀ ಕಬ್ಬಿಣದ ಸರಳಿನಂತೆ ನಿಂತಿದೆ! ನಡುಭಾಗ 30 ಮಿಲಿಮೀಟರ್ ತೂಗಿದರೂ ಕಂಬದ ಹತ್ತಿರದ ಆ ತೋಳಿನಲ್ಲಿ ಚಲನೆ ಬರೀ ಒಂದೂವರೆ ಮಿಲಿಮೀಟರ್. ಎಣ್ಣೆ ಸೋರದಿರಲೆಂದು ಪಿಸ್ಟನ್ ಸರಳಿನ ಸುತ್ತ ಬಿಗಿಯಾದ ಸೀಲ್ ಇರುತ್ತದಲ್ಲ, ಅದರ ಘರ್ಷಣೆಯನ್ನು ಮೀರಲು ಆ ಪುಟ್ಟ ಚಲನೆಗೆ ತ್ರಾಣವಿರಲಿಲ್ಲ. ಜೊತೆಗೆ ಕೀಲಿನ ಪಿನ್ನುಗಳಲ್ಲಿ ಅರ್ಧ ಮಿಲಿಮೀಟರ್ ಸಡಿಲ. ಒಂದೂವರೆಯಲ್ಲಿ ಅರ್ಧ ಅಲ್ಲೇ ಮಾಯ. ಭೂಕಂಪಕ್ಕೆಂದು ಮಾಡಿದ ಡ್ಯಾಂಪರನ್ನು ನಾನು ಪಿಸುಮಾತು ಕೇಳಲು ಇಟ್ಟಿದ್ದೆ.

ಇದೇ ಗೋಳನ್ನು ನನಗಿಂತ ಮೊದಲು ಅನುಭವಿಸಿದವರಿದ್ದರು. ಲಂಡನ್ನಿನ ಮಿಲೆನಿಯಂ ಸೇತುವೆ 2000ದ ಜೂನ್ 10ರಂದು ತೆರೆದು, ಪಕ್ಕಕ್ಕೆ ತೂಗಾಡಿ, ಎರಡೇ ದಿನಕ್ಕೆ ಮುಚ್ಚಿತು. ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ. ಅಲ್ಲಿ ಹಾಕಿದ 37 ದ್ರವ ಡ್ಯಾಂಪರುಗಳಲ್ಲಿ ಉಜ್ಜುವ ಸೀಲ್ ಇರಲಿಲ್ಲ. ಸೀಲಿನ ಜಾಗದಲ್ಲಿ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ತೆಳು ಲೋಹದ ಕೊಳವೆ, ಬೆಲ್ಲೋಸ್. ಪಿಸ್ಟನ್ ಆಡಿದಾಗ ಮಡಿಕೆ ಬಾಗುತ್ತದೆ. ಯಾವುದೂ ಯಾವುದಕ್ಕೂ ಉಜ್ಜುವುದಿಲ್ಲ. ಆ ಉಪಾಯ ಬಂದದ್ದು ಉಪಗ್ರಹಗಳ ಸೂಕ್ಷ್ಮ ಉಪಕರಣಗಳಿಂದ. ಅಲ್ಲಿ ಒಂದು ತೊಟ್ಟು ಎಣ್ಣೆ ಸೋರಿದರೂ ಮಸೂರ ಹಾಳು, ರಿಪೇರಿಗೆ ಹೋಗುವವರಿಲ್ಲ. ಮಿಲೆನಿಯಂ ಸೇತುವೆಗೆ ಅವನ್ನು ಮಾಡಿಕೊಟ್ಟದ್ದು ಟೇಲರ್ ಡಿವೈಸಸ್ ಎಂಬ ಕಂಪನಿ. ಅಪೊಲೊ ಕಾಲದಲ್ಲಿ ಸ್ಯಾಟರ್ನ್ 5 ರಾಕೆಟ್ಟಿಗೆ ಗೋಪುರದಿಂದ ಇಂಧನ, ವಿದ್ಯುತ್ತು ಕೊಡುವ ತೋಳುಗಳಿಗೆ ಡ್ಯಾಂಪರ್ ಮಾಡಿದ್ದೂ ಅದೇ ಕಂಪನಿ. ಅಂಥ ಒಂಬತ್ತು ತೋಳುಗಳಲ್ಲಿ ಐದು, ರಾಕೆಟ್ ಮೇಲೇಳತೊಡಗಿದ ಮೇಲಷ್ಟೇ ಸರಿಯಬೇಕಿತ್ತು. ಕ್ಷಣಾರ್ಧದಲ್ಲಿ ಹಿಂದಕ್ಕೆ ಬೀಸಿ ಬರುವ ಟನ್‌ಗಟ್ಟಲೆ ತೂಕದ ತೋಳು ಗೋಪುರಕ್ಕೆ ಅಪ್ಪಳಿಸದಂತೆ ತಡೆಯುವುದು ಆ ಡ್ಯಾಂಪರಿನ ಕೆಲಸ. ಅವೇ ಮುಂದೆ ದೊಡ್ಡದಾಗಿ ಭೂಕಂಪದ ಕಟ್ಟಡಗಳಿಗೂ ಬಂದವು.

ನಾವೂ ಬೆಲ್ಲೋಸ್ ಮಾದರಿಯದ್ದನ್ನೇ ತರಿಸಿದೆವು. ಪಿನ್ನುಗಳನ್ನು ಬಿಸಾಡಿ, ಸಡಿಲವಿಲ್ಲದ ಗೋಳಾಕಾರದ ಬೇರಿಂಗ್ ಹಾಕಿಸಿದೆವು. ಕೂರಿಸುವ ದಿನ ಮೇಸ್ತ್ರಿ ಕೀಲನ್ನು ಕೈಯಲ್ಲಿ ಅಲುಗಿಸಿ ನೋಡಿ, "ಇದು ಅಲುಗಾಡಲ್ಲ ಸಾರ್, ಸೇತುವೆನೂ ಆಡಲ್ಲ ಬಿಡಿ" ಎಂದರು. ಅಳತೆಯಲ್ಲಿ ಡ್ಯಾಂಪಿಂಗ್ ಶೇ. 7 ಬಂತು. ಅಂದಿನಿಂದ ನನ್ನದೊಂದು ನಿಯಮ: ಡ್ಯಾಂಪರ್ ಆರಿಸುವಾಗ ಮೊದಲು ಬಲ ಕೇಳಬಾರದು, ಚಲನೆ ಎಷ್ಟು ಎಂದು ಕೇಳಬೇಕು.

ಇಂಥ ಕತೆ ಹೇಳಿದರೆ ಯಾರಾದರೊಬ್ಬರು "ಬ್ಯಾಟರಿ ಡ್ರಿಲ್ ಕೂಡ ನಾಸಾದವರು ಕಂಡುಹಿಡಿದದ್ದಲ್ಲವಾ" ಎನ್ನುತ್ತಾರೆ. ಅಲ್ಲ. ಬ್ಲ್ಯಾಕ್ ಅಂಡ್ ಡೆಕರ್ ತಂತಿಯಿಲ್ಲದ ಡ್ರಿಲ್ಲನ್ನು 1961ರಲ್ಲೇ ಮಾರುಕಟ್ಟೆಗೆ ತಂದಿತ್ತು. ಅಪೊಲೊಗೆ ಚಂದ್ರನ ನೆಲ ಕೊರೆಯುವ ಡ್ರಿಲ್ ಬೇಕಾದಾಗ ನಾಸಾ ಆ ಕಂಪನಿಯ ಬಾಗಿಲು ತಟ್ಟಿತು. ಸೈಟಿನ ಉಪಕರಣ ಚಂದ್ರನಿಗೆ ಹೋದದ್ದನ್ನು ನಾವೇ ತಿರುಗಿಸಿ ಹೇಳಿ, ನಮ್ಮ ಪಾಲನ್ನು ನಾವೇ ಬಿಟ್ಟುಕೊಡುತ್ತೇವೆ.

ನಮ್ಮ ಪಾಲು ಸಣ್ಣದೇನಲ್ಲ. ಸ್ಯಾಟರ್ನ್ 5 ರಾಕೆಟ್ಟನ್ನು ನಿಲ್ಲಿಸಿಕೊಂಡೇ ಉಡಾವಣಾ ಕಟ್ಟೆಗೆ ಒಯ್ದ ಕ್ರಾಲರ್ ವಾಹನದ ಮೂಲ, ಗಣಿಯಲ್ಲಿ ಮಣ್ಣು ತೆಗೆಯುವ ದೈತ್ಯ ಯಂತ್ರ. ಕಟ್ಟಿದವರೂ ಅಂಥ ಯಂತ್ರ ಮಾಡುವ ಮೇರಿಯನ್ ಪವರ್ ಶವೆಲ್ ಕಂಪನಿಯವರೇ. ಸುಮಾರು 2,700 ಟನ್ ತೂಕ, ರಾಕೆಟ್ ಹೊತ್ತಾಗ ಗಂಟೆಗೆ ಒಂದೂವರೆ ಕಿಲೋಮೀಟರ್ ವೇಗ. ಅದು ಓಡಾಡುವ ದಾರಿಯ ಮೇಲ್ಪದರಕ್ಕೆ ಹಾಕಿದ್ದು ಒಡೆದ ಜಲ್ಲಿಯಲ್ಲ, ಉರುಟಾದ ನದಿಗಲ್ಲು. ತಿರುಗುವಾಗ ಘರ್ಷಣೆ ಕಡಿಮೆ, ಕಿಡಿ ಹಾರುವ ಅಪಾಯವೂ ಕಡಿಮೆ. ರಾಕೆಟ್ ಜೋಡಿಸುವ 160 ಮೀಟರ್ ಎತ್ತರದ ಕಟ್ಟಡ ಫ್ಲಾರಿಡಾದ ಜೌಗು ನೆಲದಲ್ಲಿ ನಿಂತಿದೆ. ಅದರಡಿ ಅಡಿಪಾಯದ ಕಂಬಗಳಾದ 4,225 ಉಕ್ಕಿನ ಪೈಲುಗಳನ್ನು ಸುಮಾರು 50 ಮೀಟರ್ ಆಳದ ಬಂಡೆಗೆ ಇಳಿಸಿದ್ದಾರೆ. ರಾಕೆಟ್ ನೋಡುವವರಿಗೆ ಪೈಲು ಕಾಣುವುದಿಲ್ಲ, ಅಷ್ಟೇ.

ಕಾಂಕ್ರೀಟಿನವರು ಸೋತದ್ದೂ ಉಡಾವಣಾ ಕಟ್ಟೆಗಳಲ್ಲೇ. 2008ರ ಮೇ 31ರಂದು ಡಿಸ್ಕವರಿ ಶಟಲ್ ಮೇಲೇರಿದಾಗ ಬೆಂಕಿ ಹರಿಯುವ ಕಂದಕದ ಗೋಡೆಯಿಂದ ಸಾವಿರಾರು ಇಟ್ಟಿಗೆಗಳು ಕಿತ್ತು ಹಾರಿದವು. 1960ರ ದಶಕದಲ್ಲಿ ಕಟ್ಟಿದ ಗೋಡೆ ಅದು. ಉಕ್ಕಿನ ಜಾಲರಿ ಕಟ್ಟಿ, ಶಾಖ ತಡೆಯುವ ಕಾಂಕ್ರೀಟನ್ನು ಸಿಂಪಡಿಸಿ ರಿಪೇರಿ ಮಾಡಿದರು. ಸುರಂಗದ ಗೋಡೆಗೆ ನಾವು ಮಾಡುವ ಗನೈಟಿಂಗ್ ಕೆಲಸದ್ದೇ ರೀತಿ. 2023ರ ಏಪ್ರಿಲ್ 20ರಂದು ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ ರಾಕೆಟ್ ಮೊದಲ ಸಲ ಹಾರಿದಾಗ ಕೆಳಗಿನ ಕಾಂಕ್ರೀಟ್ ಹಾಸೇ ಸಿಡಿದು ಗುಂಡಿ ಬಿತ್ತು. ಆಮೇಲೆ ಕಾಂಕ್ರೀಟನ್ನೇ ನಂಬದೆ, ನೀರು ಚಿಮ್ಮುವ ಉಕ್ಕಿನ ಹಲಗೆ ಹಾಕಿದರು. ಆ ಚಿತ್ರಗಳನ್ನು ನಾನು ನಮ್ಮ ಹುಡುಗರಿಗೆ ತೋರಿಸುತ್ತೇನೆ. ಕಾಂಕ್ರೀಟಿಗೆ ಬರುವ ಹೊರೆ ಒತ್ತಡ ಒಂದೇ ಅಲ್ಲ ಎಂದು ಪಾಠ ಮಾಡುವುದಕ್ಕಿಂತ ಇದು ಬೇಗ ನಾಟುತ್ತದೆ.

ಸೇತುವೆಯ ಕತೆ ಕೇಳಿದ ಒಂದು ಸಂಶೋಧನಾ ತಂಡ ಮುಂದೆ ನನ್ನನ್ನು ಕರೆಯಿತು. ಅವರು ಚಂದ್ರನ ಮಣ್ಣಿನಂಥ ಮಣ್ಣಿನಲ್ಲಿ ನೀರಿಲ್ಲದ ಕಾಂಕ್ರೀಟ್ ಮಾಡಿ, ಪದರ ಪದರವಾಗಿ ಗೋಡೆ ಮುದ್ರಿಸಲು ಹೊರಟಿದ್ದರು. ವಿಜ್ಞಾನ ಬಲ್ಲವರು ಬೇಕಾದಷ್ಟಿದ್ದರು. ಮಿಕ್ಸರ್ ಕಟ್ಟಿಕೊಂಡರೆ, ಪೈಪು ಕಚ್ಚಿಕೊಂಡರೆ ಏನು ಮಾಡಬೇಕು ಎಂದು ಬಲ್ಲವರು ಇರಲಿಲ್ಲ.

ಸಿಮೆಂಟಿಗೆ ಚಂದ್ರ ಒಗ್ಗುವುದಿಲ್ಲ ಎಂದಲ್ಲ. ಟಿ. ಡಿ. ಲಿನ್ ಎಂಬ ಎಂಜಿನಿಯರ್ 1986ರಲ್ಲಿ ನಾಸಾದಿಂದ 40 ಗ್ರಾಂ ನಿಜವಾದ ಚಂದ್ರನ ಮಣ್ಣು ಪಡೆದು ಗಾರೆ ಮಾಡಿ, ಗಟ್ಟಿಯಾಗುತ್ತದೆ ಎಂದು ತೋರಿಸಿದ್ದರು. ಬಾಹ್ಯಾಕಾಶ ನಿಲ್ದಾಣದಲ್ಲೂ ಪುಟ್ಟ ಚೀಲಗಳಲ್ಲಿ ಸಿಮೆಂಟು ಕಲಸಿ ನೋಡಿದ್ದಾರೆ. ಭಾರವಿಲ್ಲದಲ್ಲಿ ಗುಳ್ಳೆಗಳು ಮೇಲೇರದೆ ಒಳಗೇ ಉಳಿದು, ಅದು ಹೆಚ್ಚು ರಂಧ್ರಮಯವಾಯಿತು. ನಿಜವಾದ ಅಡ್ಡಿ ನೀರು. ಅಲ್ಲಿ ಅದು ದುರ್ಲಭ, ನಿರ್ವಾತದಲ್ಲಿ ನಿಲ್ಲುವುದೂ ಇಲ್ಲ. ಹಾಗಾಗಿ ಬೇರೆ ಬೇರೆ ದಾರಿ. ಇಸ್ರೊ ಜೊತೆ ಸೇರಿ ಭಾರತೀಯ ವಿಜ್ಞಾನ ಸಂಸ್ಥೆಯವರು ಯೂರಿಯಾ, ಗೋರಿಕಾಯಿ ಜಾತಿಯ ಬೀಜದ ಗೋಂದು, ಒಂದು ಬ್ಯಾಕ್ಟೀರಿಯಾ ಬಳಸಿ ಇಟ್ಟಿಗೆ ಮಾಡಿದರು. ನಾವು ಹಿಡಿದದ್ದು ಗಂಧಕದ ದಾರಿ.

ಗಂಧಕ ಸುಮಾರು 115ರಿಂದ 120 ಡಿಗ್ರಿಯಲ್ಲಿ ಕರಗುತ್ತದೆ, ತಣ್ಣಗಾದರೆ ಕಲ್ಲು. ಕ್ಯೂರಿಂಗ್ ಬೇಡ, 28 ದಿನ ಕಾಯುವುದು ಬೇಡ. ಮೊದಲ ದಿನ ತಂಡದವರು ತಣ್ಣಗಿನ ಮಣ್ಣಿಗೆ ಕರಗಿದ ಗಂಧಕ ಸುರಿದರು. ಮಣ್ಣು ಶಾಖವನ್ನೆಲ್ಲ ಹೀರಿ, ಮಿಕ್ಸರಿನ ರೆಕ್ಕೆಯ ಮೇಲೇ ಕಾಂಕ್ರೀಟು ಹೆಪ್ಪುಗಟ್ಟಿತು. ಉಳಿ ಸುತ್ತಿಗೆ ಹಿಡಿದು ಬಿಡಿಸಿದ್ದು ನಾನು. ಡಾಂಬರು ಕೆಲಸ ಮಾಡಿದವರಿಗೆ ಇದು ಗೊತ್ತು: ಮೊದಲು ಜಲ್ಲಿ ಕಾಯಬೇಕು. ಮಣ್ಣನ್ನು 140ಕ್ಕೆ ಕಾಯಿಸಿಕೊಂಡೆವು, ಮಿಕ್ಸರಿನ ಗೋಡೆಗೂ ಹೀಟರ್ ಸುತ್ತಿದೆವು. ಮರುದಿನ ಯಾರೋ ಉತ್ಸಾಹದಲ್ಲಿ 170 ದಾಟಿಸಿದರು. ನೀರಿನಂತಿದ್ದ ಗಂಧಕ ಬೆಲ್ಲದ ಪಾಕದಂತೆ ಎಳೆ ಎಳೆಯಾಯಿತು. 159 ಡಿಗ್ರಿಯ ಆಸುಪಾಸಿನಲ್ಲಿ ಅದರ ಅಣುಗಳು ಉದ್ದ ಸರಪಣಿಯಾಗುತ್ತವೆ, ಪಂಪು ಎಳೆಯುವುದಿಲ್ಲ. ಕೊನೆಗೆ 130ರಿಂದ 145ರ ಓಣಿಯೊಳಗೇ ನಡೆಯುವುದನ್ನು ಕಲಿತೆವು. ವಾಸನೆಯ ಬಗ್ಗೆ ಬರೆಯುವುದಿಲ್ಲ. ಮನೆಯಲ್ಲಿ ನನ್ನ ಬಟ್ಟೆಗಳನ್ನು ಬೇರೆಯೇ ಒಗೆಯುತ್ತಿದ್ದರು.

ಆದರೆ ಈ ಕಾಂಕ್ರೀಟಿಗೂ ಚಂದ್ರನ ಮೇಲೆ ಸುಖವಿಲ್ಲ. ನಿರ್ವಾತದ ಪೆಟ್ಟಿಗೆಯಲ್ಲಿಟ್ಟ ತುಂಡುಗಳು ವಾರದಿಂದ ವಾರಕ್ಕೆ ಹಗುರಾದವು. ಗಂಧಕ ಕರ್ಪೂರದಂತೆ ನೇರ ಆವಿಯಾಗುತ್ತದೆ. ಹಗಲಿನಲ್ಲಿ 120 ಡಿಗ್ರಿ ಮುಟ್ಟುವ ನೆಲದಲ್ಲಿ ಅದು ಕರಗಲೂಬಹುದು. ನೆರಳಲ್ಲಿ ಅಥವಾ ಮಣ್ಣು ಮುಚ್ಚಿದ ಗೋಡೆಗಷ್ಟೇ ಆದೀತು ಎಂಬುದು ನನ್ನ ಅಭಿಪ್ರಾಯ, ತಂಡದವರು ಪೂರ್ತಿ ಒಪ್ಪಿಲ್ಲ. ನನಗಂತೂ ಲಾಭವಾಯಿತು. ಆಮ್ಲ ಸೋರುವ ನೆಲಕ್ಕೆ ಗಂಧಕದ ಕಾಂಕ್ರೀಟ್ ಒಳ್ಳೆಯದೆಂದು ಪುಸ್ತಕದಲ್ಲಿ ಓದಿದ್ದೆ, ಧೈರ್ಯ ಬಂದಿರಲಿಲ್ಲ. ಆಮೇಲೆ ಒಂದು ಕಾರ್ಖಾನೆಯ ಚರಂಡಿಗೆ ಅದನ್ನೇ ಹಾಕಿದೆ. ಸಿಮೆಂಟಿನ ಹಳೆಯ ಹಾಸು ಪುಡಿಪುಡಿಯಾಗಿ ಹೋಗಿದ್ದ ಜಾಗದಲ್ಲಿ ಇದು ಮೂರನೇ ವರ್ಷಕ್ಕೂ ಅಂಚು ಕೆಡದೆ ಕೂತಿದೆ.

ಈಗ ಕೈಯಲ್ಲಿರುವುದು ಮುದ್ರಿಸುವ ತೋಳಿನ ತಕರಾರು. ಚಂದ್ರನ ಧೂಳು ಗಾಳಿ ನೀರಿಗೆ ಸವೆಯದ್ದು; ಒಂದೊಂದು ಕಣವೂ ಒಡೆದ ಗಾಜಿನಂತೆ ಚೂಪು. ನಮ್ಮ ನಕಲಿ ಧೂಳಿನಲ್ಲೇ ತೋಳಿನ ಸರಳಿನ ಸೀಲುಗಳು ಕೆಲವು ದಿನಗಳಲ್ಲಿ ಹರಿದುಹೋದವು. ಸೀಲ್ ಎಂಬ ಮಾತು ಕೇಳಿದ್ದೇ ನನಗೆ ಸೇತುವೆ ನೆನಪಾಯಿತು. ಉಜ್ಜುವುದೇ ಬೇಡ, ಬೆಲ್ಲೋಸ್ ಹಾಕೋಣ ಎಂದೆ. ಉಪಗ್ರಹದಿಂದ ಸೇತುವೆಗೆ ಬಂದ ತಿದಿ ಮತ್ತೆ ಮೇಲಕ್ಕೆ ಹೊರಟಿತು. ಹಾಕಿದೆವು. ಸೀಲಿನ ಕಾಟ ನಿಂತಿತು, ಆದರೆ ಮಡಿಕೆಗಳ ಸಂದಿಯಲ್ಲಿ ಧೂಳು ಕೂತು ಬೆಲ್ಲೋಸ್ ಪೂರ್ತಿ ಮುಚ್ಚಿಕೊಳ್ಳದಾಯಿತು.

ಅದಕ್ಕೊಂದು ಗವಸು ಬೇಕಿತ್ತು. ಹಿಂದೆ ಮಾಡಿದ ಗುಡಾರದ ಛಾವಣಿ ಕೆಲಸದಲ್ಲಿ ಉಳಿದ, ಟೆಫ್ಲಾನ್ ಲೇಪಿಸಿದ ಗಾಜಿನೆಳೆಯ ಬಟ್ಟೆ ನನ್ನ ಹತ್ತಿರ ಬಿದ್ದಿತ್ತು. 1967ರಲ್ಲಿ ಅಪೊಲೊ 1ರ ಬೆಂಕಿಯಲ್ಲಿ ಮೂವರು ಗಗನಯಾನಿಗಳು ಸತ್ತ ಮೇಲೆ, ಗಗನಯಾನಿಗಳ ಉಡುಪಿಗೆ ಬೆಂಕಿ ಹಿಡಿಯದ ಬಟ್ಟೆ ಬೇಕೆಂದು ಬಂದದ್ದು ಆ ಜಾತಿ. 1973ರಿಂದ ಶಾಶ್ವತ ಛಾವಣಿಗಳಿಗೂ ಬಳಕೆಯಾಗಿ, ಜೆಡ್ಡಾದ ಹಜ್ ಟರ್ಮಿನಲ್‌ನಂಥವಕ್ಕೆ ನೆರಳಾಯಿತು. ಅದನ್ನೇ ಕತ್ತರಿಸಿ ಗವಸು ಮಾಡಿದೆವು. ಛಾವಣಿಯವರಿಗೆಲ್ಲ ಗೊತ್ತಿರುವ ಒಂದು ದೋಷ ಅದಕ್ಕಿದೆ: ಚೂಪಾಗಿ ಮಡಿಸಿದರೆ ಗಾಜಿನೆಳೆ ಮುರಿಯುತ್ತದೆ. ಹಾಗಾಗಿ ಮಡಿಕೆ ಬೀಳದಂತೆ, ಕಾಲುಚೀಲ ತಿರುವಿ ಹಾಕುವ ಹಾಗೆ ಉರುಳುವ ಗವಸು ಹೊಂದಿಸಿದ್ದೇವೆ. ಧೂಳಿನ ಪೆಟ್ಟಿಗೆಯಲ್ಲಿ 4,000 ಸಲ ಹಿಂದೆ ಮುಂದೆ ಆಡಿಸಿಯಾಯಿತು. ಬಟ್ಟೆ ಚೆನ್ನಾಗಿದೆ. ಅಂಚನ್ನು ಉಂಗುರಕ್ಕೆ ಅಂಟಿಸಿದ ಜಾಗ ಮಾತ್ರ ಒಂದು ಕಡೆ ಏಳುತ್ತಿದೆ, ಮುಂದಿನ ವಾರ ಅಂಟು ಬಿಟ್ಟು ಕ್ಲಾಂಪ್ ಹಾಕಿ ನೋಡಬೇಕು.